ಬಾಯಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಫ್ಲ್ಯಾಪ್ ಜೋಡಣೆ: ಅಧ್ಯಯನ ಟಿಪ್ಪಣಿ

ಬೆಂಗಳೂರಿನ ಕಿದ್ವಾಯಿಯಂತಹ ಕ್ಯಾನ್ಸರ್ ಆಸ್ಪತ್ರೆಗಳಿಗೆ ಬರುವ ಬಾಯಿ ಕ್ಯಾನ್ಸರ್ ರೋಗಿಗಳಲ್ಲಿ ಅನೇಕರಿಗೆ ಗಡ್ಡೆ ಕಾಣಿಸಿಕೊಳ್ಳುವುದು ಕೆನ್ನೆಯ ಒಳಪದರವೂ ಕೆಳವಸಡೂ ಸೇರುವ ಸಂದಿಯಲ್ಲಿ. ಎಲೆಯಡಿಕೆಯೊಂದಿಗೆ ಹೊಗೆಸೊಪ್ಪನ್ನು ಒತ್ತರಿಸಿಟ್ಟುಕೊಳ್ಳುವ ಜಾಗವೂ ಅದೇ. ಗಡ್ಡೆಯನ್ನು ಸುತ್ತಲಿನ ಸುಮಾರು 1 ಸೆಂ.ಮೀ. ಆರೋಗ್ಯವಂತ ಅಂಗಾಂಶದೊಂದಿಗೆ ತೆಗೆಯಬೇಕಾದ್ದರಿಂದ ಎಷ್ಟೋ ಸಲ ದವಡೆಯ ಮೂಳೆಯೂ ಹೊರಗಿನ ಚರ್ಮವೂ ಜೊತೆಗೆ ಹೋಗುತ್ತವೆ. ಆ ತೆರವನ್ನು ಹಾಗೆಯೇ ಎಳೆದು ಹೊಲಿದರೆ ಬಾಯಿ ತೆರೆಯಲಾಗದಷ್ಟು ಬಿಗಿಯುತ್ತದೆ, ಇಲ್ಲವೇ ಹೊಲಿಗೆ ಬಿಟ್ಟು ಎಂಜಲು ಕುತ್ತಿಗೆಯೊಳಕ್ಕೆ ಸೋರುತ್ತದೆ. ವಿಕಿರಣ ಚಿಕಿತ್ಸೆ ಬೇಕಾದವರಿಗೆ ಅದನ್ನು ಶಸ್ತ್ರಚಿಕಿತ್ಸೆಯಾದ 6 ವಾರಗಳೊಳಗೆ ಆರಂಭಿಸುವುದು ಗುರಿಯಾಗಿರುವುದರಿಂದ, ಫ್ಲ್ಯಾಪ್‌ನ (ತೆರವು ಮುಚ್ಚಲು ದೇಹದ ಬೇರೆ ಭಾಗದಿಂದ ತರುವ ಅಂಗಾಂಶದ) ಮೊದಲ ಕೆಲಸ ಅಂದ ಕೊಡುವುದಲ್ಲ, ಗಾಯ ಸಕಾಲದಲ್ಲಿ ಮಾಯುವಂತೆ ಮಾಡುವುದು.

ಚರ್ಮದ ಕಸಿಗೆ ರಕ್ತ ಸಿಗುವುದು ಅದು ಕೂತ ಜಾಗದಿಂದ. ಫ್ಲ್ಯಾಪ್ ತನ್ನ ರಕ್ತನಾಳಗಳನ್ನು ಜೊತೆಯಲ್ಲೇ ತರುತ್ತದೆ. 1979ರಲ್ಲಿ ಶಸ್ತ್ರವೈದ್ಯ ಆರಿಯನ್ ವಿವರಿಸಿದ ಪಿಎಂಎಂಸಿ (ಪೆಕ್ಟೊರಾಲಿಸ್ ಮೇಜರ್ ಮಯೊಕ್ಯುಟೇನಿಯಸ್) ಫ್ಲ್ಯಾಪ್‌ನಲ್ಲಿ ಎದೆಯ ದೊಡ್ಡ ಸ್ನಾಯುವನ್ನು ಮೇಲಿನ ಚರ್ಮದ ಸಮೇತ ಬಿಡಿಸಿ, ಥೊರಾಕೊಅಕ್ರೋಮಿಯಲ್ ಅಪಧಮನಿಯ ಶಾಖೆಯನ್ನು ಕಡಿಯದೆ, ಕೊರಳೆಲುಬಿನ (ಕ್ಲಾವಿಕಲ್) ಮೇಲಿಂದ ಬಾಯಿಗೆ ತಿರುಗಿಸುತ್ತಾರೆ. ಸೂಕ್ಷ್ಮದರ್ಶಕ ಬೇಡ, ಸಮಯ ಕಡಿಮೆ, ಕುತ್ತಿಗೆಯ ದೊಡ್ಡ ರಕ್ತನಾಳಗಳಿಗೂ ಸ್ನಾಯುವಿನ ಹೊದಿಕೆ ಸಿಗುತ್ತದೆ. ದಪ್ಪವಾಗಿರುವುದು, ಭಾರಕ್ಕೆ ಕೆಳಗೆ ಜಗ್ಗುವುದು, ಗಂಡಸರಲ್ಲಿ ಬಾಯೊಳಗೆ ಕೂದಲು ಬೆಳೆಯುವುದು, ಹೆಂಗಸರಲ್ಲಿ ಸ್ತನದ ಆಕಾರ ಕೆಡುವುದು ಇದರ ದೋಷಗಳು. ಆದರೂ ಇದನ್ನು ಬಡವರ ಆಯ್ಕೆ ಎಂದು ತಳ್ಳಿಹಾಕುವುದು ತಪ್ಪೆಂದೇ ನನ್ನ ಅಭಿಪ್ರಾಯ. ದೀರ್ಘ ಅರಿವಳಿಕೆಯನ್ನು ತಾಳಲಾರದ ರೋಗಿಗೆ ಬಹುಪಾಲು ಇದೇ ಸರಿ.

ಉಳಿದವು ಹೆಚ್ಚಾಗಿ ಫ್ರೀ ಫ್ಲ್ಯಾಪ್‌ಗಳು. ಇವುಗಳ ರಕ್ತನಾಳಗಳನ್ನು ಕಡಿದು ತಂದು, ಸೂಕ್ಷ್ಮದರ್ಶಕದಡಿ ಕುತ್ತಿಗೆಯ ರಕ್ತನಾಳಗಳಿಗೆ ಜೋಡಿಸುತ್ತಾರೆ. ನಾಲಿಗೆಯಂತೆ ಹೊರಳಬೇಕಾದ ಭಾಗಕ್ಕೆ ಮುಂಗೈಯ ತೆಳು ಚರ್ಮ ಒಪ್ಪುತ್ತದೆ. ರೇಡಿಯಲ್ ಅಪಧಮನಿಯನ್ನು ತೆಗೆದ ಮೇಲೂ ಅಂಗೈಗೆ ರಕ್ತ ಹರಿಯುವುದೇ ಎಂದು ಅಲೆನ್ ಪರೀಕ್ಷೆಯಿಂದ ಮೊದಲೇ ನೋಡಬೇಕು. ಕೆನ್ನೆಯ ದೊಡ್ಡ ತೆರವಿಗೆ ತೊಡೆಯ ಫ್ಲ್ಯಾಪ್. ದವಡೆಯ ಮುಂಭಾಗದ ಕಮಾನು ಹೋದರೆ ಮಾತ್ರ ಮೂಳೆಯನ್ನೇ ತರದೆ ಗತಿಯಿಲ್ಲ, ಏಕೆಂದರೆ ಗದ್ದ ಕುಸಿದು ತುಟಿ ಜೋತುಬಿದ್ದು ಜೊಲ್ಲು ನಿಲ್ಲುವುದಿಲ್ಲ. ಇದಕ್ಕೆ ಕಾಲಿನ ಫಿಬುಲಾ ಮೂಳೆ ಬೇಕು. ಕೀಲುಗಳ ಭದ್ರತೆಗಾಗಿ ಅದರ ಎರಡೂ ತುದಿಗಳಲ್ಲಿ ಸುಮಾರು 6 ಸೆಂ.ಮೀ. ಉಳಿಸುತ್ತಾರೆ.

ಪರೀಕ್ಷೆಯಲ್ಲೂ ವಾರ್ಡಿನಲ್ಲೂ ಕೈಹಿಡಿಯುವ ಭಾಗ ನಿಗಾ. ಮೊದಲ 24 ಗಂಟೆ, ಗಂಟೆಗೊಮ್ಮೆ ನೋಡಬೇಕು. ಫ್ಲ್ಯಾಪ್ ಬಿಳಚಿ ತಣ್ಣಗಾಗಿ, ಸೂಜಿ ಚುಚ್ಚಿದರೂ ರಕ್ತ ಜಿನುಗದಿದ್ದರೆ ಅಪಧಮನಿಯಲ್ಲಿ ತಡೆಯಿದೆ. ನೀಲಿಗಟ್ಟಿ ಊದಿಕೊಂಡು, ಒತ್ತಿ ಬಿಟ್ಟೊಡನೆ ಬಣ್ಣ ತಟ್ಟನೆ ಮರಳಿ, ಸೂಜಿಯ ಹಿಂದೆಯೇ ಕಪ್ಪುರಕ್ತ ಒಸರಿದರೆ ಅಭಿಧಮನಿಯಲ್ಲಿ. ಎರಡನೆಯದೇ ಹೆಚ್ಚು ಸಾಮಾನ್ಯ. ನಮ್ಮವರ ಕಂದು ಚರ್ಮದಲ್ಲಿ ಬಣ್ಣದ ಬದಲಾವಣೆ ತಡವಾಗಿ ತಿಳಿಯುವುದರಿಂದ ಸೂಜಿಯೇ ಹೆಚ್ಚು ನಂಬಿಕೆಗೆ ಅರ್ಹ. ಅನುಮಾನ ಬಂದರೆ ಬೆಳಗಾಗಲೆಂದು ಕಾಯದೆ ಹಿರಿಯರಿಗೆ ಕರೆ ಮಾಡಬೇಕು. ಬೇಗ ತೆರೆದು ಹೆಪ್ಪು ತೆಗೆದಷ್ಟೂ ಫ್ಲ್ಯಾಪ್ ಉಳಿಯುವ ಸಾಧ್ಯತೆ ಹೆಚ್ಚು. ಟ್ರೇಕಿಯಾಸ್ಟಮಿ (ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ಮಾಡುವ ರಂಧ್ರ) ನಳಿಕೆಯ ದಾರವನ್ನು ಕುತ್ತಿಗೆಗೆ ಬಿಗಿಯಾಗಿ ಕಟ್ಟಿದರೂ ಅಭಿಧಮನಿ ಅಮುಕಿಹೋಗುತ್ತದೆ, ಆದ್ದರಿಂದ ಇಂತಹ ರೋಗಿಗಳಲ್ಲಿ ನಳಿಕೆಯನ್ನು ಚರ್ಮಕ್ಕೇ ಹೊಲಿಯುತ್ತಾರೆ.