ಪದ ಪರಿಚಯ: ಬೇಸ್ ಸ್ಟೇಷನ್ ಕಮಿಷನಿಂಗ್

"ಟವರ್ ನಿಂತು ಎಷ್ಟು ಕಾಲ ಆಯಿತು, ಇನ್ನೂ ರೇಂಜ್ ಇಲ್ಲ." ಕಾಸರಗೋಡಿನ ಮೂಡು ಭಾಗದ ಗುಡ್ಡೆ ಊರುಗಳಲ್ಲಿ, ಎಣ್ಮಕಜೆ, ಪೈವಳಿಕೆ, ದೇಲಂಪಾಡಿ ಕಡೆ, ಈ ಮಾತು ಕೇಳದವರು ಕಡಿಮೆ. ಟವರ್ ಎದ್ದಿದೆ, ಆಂಟೆನಾ ಕೂತಿದೆ, ಕೆಳಗಿನ ಪೆಟ್ಟಿಗೆಯಲ್ಲಿ ಫ್ಯಾನ್ ತಿರುಗುವ ಸದ್ದೂ ಬರುತ್ತಿದೆ. ಆದರೂ ಫೋನಿನಲ್ಲಿ ಒಂದು ಕಡ್ಡಿ ಇಲ್ಲ. ಕೆಲಸದವರನ್ನು ವಿಚಾರಿಸಿದರೆ ಸಿಗುವ ಉತ್ತರ: "ಕಮಿಷನಿಂಗ್ ಆಗಿಲ್ಲ."

ಜೋಡಿಸಿಟ್ಟ ಉಪಕರಣಕ್ಕೆ ಅದರ ಗುರುತು, ಜಾಗ, ಅಕ್ಕಪಕ್ಕದವರು ಯಾರು ಎಂಬುದನ್ನೆಲ್ಲ ಬರೆದುಕೊಟ್ಟು, ಪರೀಕ್ಷೆ ಮಾಡಿ, ನೆಟ್‌ವರ್ಕಿಗೆ ಸೇರಿಸಿ ಚಾಲೂ ಮಾಡುವ ಕೆಲಸಕ್ಕೆ ಕಮಿಷನಿಂಗ್ ಎನ್ನುತ್ತಾರೆ. ಬೋಲ್ಟ್ ಬಿಗಿದು, ಕೇಬಲ್ ಎಳೆದು, ಪವರ್ ಕೊಡುವುದು ಇನ್‌ಸ್ಟಾಲೇಷನ್. ಅದರ ನಂತರದ್ದು ಲ್ಯಾಪ್‌ಟಾಪಿನ ಕೆಲಸ. ಎರಡನ್ನೂ ಸೇರಿಸಿ ಈ ಕೆಲಸದವರು 'ಐ ಆಂಡ್ ಸಿ' ಎನ್ನುತ್ತಾರೆ. ನಮ್ಮ ಕಣ್ಣಿಗೆ ಬೀಳುವುದು ಮೊದಲನೆಯದು ಮಾತ್ರ. ಎರಡನೆಯದು ಕಾಣುವುದಿಲ್ಲ, ಅದಕ್ಕೇ ಊರವರಿಗೆ ಅದು ಸುಮ್ನೆ ಕೊಡುವ ನೆಪದ ಹಾಗೆ ಕೇಳುತ್ತದೆ. ಆದರೆ ರೇಂಜ್ ಬರುವುದೂ ಬಾರದಿರುವುದೂ ಜಾಸ್ತಿ ನಿಂತಿರುವುದು ಈ ಕಾಣದ ಕೆಲಸದ ಮೇಲೆ.

ಮೊದಲು ಯಂತ್ರದ ಬಗ್ಗೆ ಎರಡು ಮಾತು. ಟವರ್ ಎಂದು ನಾವು ಕರೆಯುವುದು ಬರೀ ಕಂಬ. ಕೆಲಸ ಮಾಡುವ ಯಂತ್ರದ ಹೆಸರು ಬೇಸ್ ಸ್ಟೇಷನ್. 2ಜಿಯಲ್ಲಿ ಅದನ್ನು ಬಿಟಿಎಸ್ ಎನ್ನುತ್ತಾರೆ, 3ಜಿಯಲ್ಲಿ ನೋಡ್-ಬಿ, 4ಜಿಯಲ್ಲಿ ಇ-ನೋಡ್-ಬಿ, 5ಜಿಯಲ್ಲಿ ಜಿ-ನೋಡ್-ಬಿ. ಕೆಳಗಿನ ಪೆಟ್ಟಿಗೆಯಲ್ಲಿ ಬೇಸ್‌ಬ್ಯಾಂಡ್ ಯೂನಿಟ್ ಇರುತ್ತದೆ, ಚುಟುಕಾಗಿ ಬಿಬಿಯು. ಲೆಕ್ಕಾಚಾರವೆಲ್ಲ ಅದರದ್ದು. ಮೇಲೆ ಆಂಟೆನಾದ ಹತ್ತಿರ ರೇಡಿಯೋ ಯೂನಿಟ್, ಅಂದರೆ ಆರ್‌ಆರ್‌ಯು. ಎರಡರ ನಡುವೆ ಫೈಬರ್. ಆರ್‌ಆರ್‌ಯುನಿಂದ ಆಂಟೆನಾಕ್ಕೆ ಜಂಪರ್ ಎಂಬ ಗಿಡ್ಡ ಕೇಬಲ್. ಸಾಮಾನ್ಯವಾಗಿ ಒಂದು ಟವರಿನಲ್ಲಿ ಮೂರು ದಿಕ್ಕಿಗೆ ಮೂರು ಸೆಕ್ಟರ್. ಇವೆಲ್ಲ ಓಡುವುದು ಮೈನಸ್ 48 ವೋಲ್ಟ್ ಡಿಸಿ ಕರೆಂಟಿನಲ್ಲಿ. ಪ್ಲಸ್ ತುದಿಯನ್ನು ಭೂಮಿಗೆ ಕೊಟ್ಟರೆ ಲೋಹ ಸವೆಯುವುದು ಕಡಿಮೆ ಎಂಬ ಕಾರಣಕ್ಕೆ ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ಕಾಲದಿಂದಲೂ ಈ ಪದ್ಧತಿ ನಡೆದುಬಂದಿದೆ.

ಪೆಟ್ಟಿಗೆ ಹೀಗೆ ಜೋಡಣೆಯಾಗಿ ನಿಂತರೂ ಅದಕ್ಕೆ ತಾನು ಯಾರು ಎಂಬುದೇ ಗೊತ್ತಿರುವುದಿಲ್ಲ. ಇಲ್ಲಿ ಟರ್ಮಿನಲ್ ಸಾಫ್ಟ್‌ವೇರ್ ಬೇಕಾಗುತ್ತದೆ. ಲ್ಯಾಪ್‌ಟಾಪಿನಿಂದ ಬಿಬಿಯುಗೆ ಒಂದು ಕೇಬಲ್ ಹಾಕಿ, ಅದರ ಒಳಗಿರುವುದನ್ನು ನೋಡಲು, ಬದಲಿಸಲು ಬಳಸುವ ತಂತ್ರಾಂಶ ಇದು. ಒಂದೊಂದು ಕಂಪನಿಯದ್ದು ಒಂದೊಂದು. ಹುವಾವೇಯಲ್ಲಿ ಎಲ್‌ಎಂಟಿ, ಅಂದರೆ ಲೋಕಲ್ ಮೇಂಟೆನನ್ಸ್ ಟರ್ಮಿನಲ್. ನೋಕಿಯಾದ ಫ್ಲೆಕ್ಸಿ ಯಂತ್ರಗಳಿಗೆ ಬಿಟಿಎಸ್ ಸೈಟ್ ಮ್ಯಾನೇಜರ್. ಎರಿಕ್ಸನ್‌ನ ಹಳೆಯ ಆರ್‌ಬಿಎಸ್ 2000 ಸಾಲಿನ 2ಜಿ ಯಂತ್ರಗಳಿಗೆ ಓಎಂಟಿ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯಲ್ಲಿ ರೇಡಿಯೋ ತೇಜಸ್ ನೆಟ್‌ವರ್ಕ್ಸ್‌ನದು, ಕೋರ್, ಅಂದರೆ ಕೇಂದ್ರದಲ್ಲಿದ್ದು ಕಾಲ್‌ಗಳನ್ನು ನಡೆಸುವ ಭಾಗ, ಸಿ-ಡಾಟ್‌ನದು, ಒಟ್ಟು ಜೋಡಿಸುವ ಹೊಣೆ ಟಿಸಿಎಸ್‌ನದು. ಹಾಗಾಗಿ ಅಲ್ಲಿನ ಸಾಧನವೂ ಬೇರೆ. ಹೆಸರು ಯಾವುದಾದರೂ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ.

ಹಿಂದೆ ಸೀರಿಯಲ್ ಕೇಬಲ್ ಚಾಲ್ತಿಯಲ್ಲಿತ್ತು. ವಿಂಡೋಸ್ ಎಕ್ಸ್‌ಪಿಯವರೆಗೆ ಹೈಪರ್‌ಟರ್ಮಿನಲ್ ಕಂಪ್ಯೂಟರಿನ ಜೊತೆಗೇ ಬರುತ್ತಿತ್ತು, ಆಮೇಲೆ ಹೆಚ್ಚಿನವರು ಪುಟ್ಟಿ ಎಂಬ ಅಂಥದೇ ತಂತ್ರಾಂಶಕ್ಕೆ ಬಂದರು. ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1: ಈ ಸೆಟ್ಟಿಂಗ್ ಈ ಕೆಲಸದವರಿಗೆ ಬಾಯಿಪಾಠ. ವೇಗ ಹೊಂದದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಗೀಚು ಬರುತ್ತದೆ. ಈಗ ಲ್ಯಾನ್ ಕೇಬಲ್ ಸಾಕು. ನೋಕಿಯಾ ಫ್ಲೆಕ್ಸಿಯಾದರೆ ಯಂತ್ರದ ಸ್ಥಳೀಯ ವಿಳಾಸ 192.168.255.129. ಲ್ಯಾಪ್‌ಟಾಪಿಗೆ ಅದೇ ಸಾಲಿನ ಇನ್ನೊಂದು ವಿಳಾಸ, 192.168.255.130 ಎಂದು ಕೊಟ್ಟು ಪಿಂಗ್ ಮಾಡಬೇಕು, ಅಂದರೆ ಯಂತ್ರ ಓಗೊಡುತ್ತದಾ ಎಂದು ಕರೆದು ನೋಡಬೇಕು. ಉತ್ತರ ಬಂದರೆ ಬಾಗಿಲು ತೆರೆಯಿತು.

ಒಳಗೆ ಹೋದ ಮೇಲೆ ಎರಡು ಬಗೆಯ ಪ್ರಶ್ನೆ ಕೇಳಬಹುದು. ಈ ಎರಡರ ವ್ಯತ್ಯಾಸ ತಿಳಿದರೆ ಕಮಿಷನಿಂಗ್ ಅರ್ಧ ತಿಳಿದಂತೆ. ಹುವಾವೇ ಟರ್ಮಿನಲ್ಲಿನಲ್ಲಿ 'ಎಲ್‌ಎಸ್‌ಟಿ' ಎಂದು ಶುರುವಾಗುವ ಆಜ್ಞೆ ಕೊಟ್ಟರೆ, ಯಂತ್ರದಲ್ಲಿ ಏನು ಬರೆದಿದೆ ಎಂಬುದನ್ನು ತೋರಿಸುತ್ತದೆ. 'ಡಿಎಸ್‌ಪಿ' ಎಂದು ಕೊಟ್ಟರೆ, ಈಗ ನಿಜವಾಗಿ ಏನು ನಡೆಯುತ್ತಿದೆ ಎಂಬುದನ್ನು ತೋರಿಸುತ್ತದೆ. ಎಲ್‌ಎಸ್‌ಟಿ ಕೊಟ್ಟರೆ ಮೂರು ಆರ್‌ಆರ್‌ಯು ಇದೆ ಎನ್ನುತ್ತದೆ, ಡಿಎಸ್‌ಪಿ ಕೊಟ್ಟರೆ ಎರಡೇ ಕಾಣುತ್ತವೆ. ಆ ಮೂರನೆಯದಕ್ಕೆ ಫೈಬರ್ ಸರಿಯಾಗಿ ಕೂತಿಲ್ಲ, ಅಥವಾ ತುದಿಯಲ್ಲಿ ಧೂಳಿದೆ, ಅಥವಾ ಕಳಿಸುವ ಎಳೆಯೂ ಪಡೆಯುವ ಎಳೆಯೂ ಅದಲುಬದಲಾಗಿದೆ. ಬರೆದದ್ದೂ ಇರುವುದೂ ಒಂದೇ ಆಗುವವರೆಗೆ ಹುಡುಕುವುದೇ ಕಮಿಷನಿಂಗ್‌ನ ದೊಡ್ಡ ಪಾಲು.

ಹೊಸ ಯಂತ್ರಕ್ಕೆ ಮೊದಲು ಸಾಫ್ಟ್‌ವೇರ್ ಆವೃತ್ತಿ ನೋಡಿ, ಹಳೆಯದಾಗಿದ್ದರೆ ಹೊಸದು ಹಾಕುತ್ತಾರೆ. ಆಮೇಲೆ ಸೈಟ್ ಕಾನ್ಫಿಗರೇಷನ್ ಫೈಲ್. ಈ ಫೈಲನ್ನು ಟವರಿನ ಬುಡದಲ್ಲಿ ಕೂತು ಬರೆಯುವುದಿಲ್ಲ, ಪ್ಲಾನಿಂಗ್ ತಂಡ ಮೊದಲೇ ತಯಾರಿಸಿ ಕಳಿಸಿರುತ್ತದೆ. ಯಾವ ತರಂಗಾಂತರ, ಎಷ್ಟು ಪವರ್, ಯಾವ ಐಪಿ ವಿಳಾಸ, ಯಾವ ವಿಎಲ್‌ಎಎನ್ (ಒಂದೇ ಕೇಬಲಿನೊಳಗೆ ಬೇರೆ ಮಾಡಿದ ದಾರಿ), ಸೆಲ್ಲಿನ, ಅಂದರೆ ಒಂದು ಸೆಕ್ಟರ್ ಒಂದು ತರಂಗಾಂತರದಲ್ಲಿ ಆವರಿಸುವ ಜಾಗದ, ನಂಬರ್ ಏನು, ಎಲ್ಲವೂ ಅದರಲ್ಲಿ ಇರುತ್ತದೆ.

ಕಾಸರಗೋಡಿನವರಿಗೆ ಅದರಲ್ಲಿ ಒಂದು ಸಾಲು ವಿಶೇಷ. ಪ್ರತಿ ನೆಟ್‌ವರ್ಕಿಗೂ ಪಿಎಲ್‌ಎಂಎನ್ ಎಂಬ ಗುರುತು ಸಂಖ್ಯೆ ಇದೆ. ಮೊದಲ ಮೂರು ಅಂಕಿ ದೇಶದ್ದು, ಭಾರತಕ್ಕೆ 404 ಮತ್ತು 405. ಉಳಿದದ್ದು ಕಂಪನಿ ಮತ್ತು ಸರ್ಕಲ್ಲಿನದ್ದು, ಅಂದರೆ ಟೆಲಿಕಾಂ ಲೆಕ್ಕದ ಪ್ರದೇಶದ್ದು. ಬಿಎಸ್‌ಎನ್‌ಎಲ್ ಕರ್ನಾಟಕಕ್ಕೆ 404-71, ಬಿಎಸ್‌ಎನ್‌ಎಲ್ ಕೇರಳಕ್ಕೆ 404-72. ಗಡಿಯ ತಲಪಾಡಿಯ ಈಚೆಗಿನ ಟವರಿಗೆ 72 ಎಂದೂ ಆಚೆಗಿನದಕ್ಕೆ 71 ಎಂದೂ ಬರೆಯಬೇಕು. ಫೋನಿಗೆ ಮಾತು, ಮನೆ, ನೆಂಟಸ್ತಿಕೆ ಯಾವುದೂ ತಿಳಿಯದು, ಈ ಅಂಕಿ ಮಾತ್ರ ತಿಳಿಯುತ್ತದೆ. ಮಂಜೇಶ್ವರದಲ್ಲಿ ಮನೆಯೊಳಗೇ ಕೂತಿದ್ದರೂ ಫೋನು ಕರ್ನಾಟಕದ ಟವರ್ ಹಿಡಿದು ರೋಮಿಂಗ್ ದುಡ್ಡು ಹೋಗುತ್ತಿದ್ದ ಕಾಲ ನೆನಪಿರುವವರಿಗೆ ಇದರ ಬಿಸಿ ಗೊತ್ತು. ಸ್ಪೆಕ್ಟ್ರಮ್ ಹರಾಜೂ ಸರ್ಕಲ್ ಲೆಕ್ಕದಲ್ಲೇ ನಡೆಯುವುದರಿಂದ, ಒಂದೇ ಕಂಪನಿಯ ಬಳಿ ಎರಡು ಕಡೆ ಬೇರೆ ಬೇರೆ ತರಂಗಾಂತರ ಇರಬಹುದು. ಮಾತಾಡುತ್ತಾ ಬಸ್ಸಿನಲ್ಲಿ ಗಡಿ ದಾಟುವಾಗ ಕಾಲ್ ಕಟ್ಟಾಗದೆ ಮುಂದುವರಿಯಬೇಕಾದರೆ, ಆಚೆಗಿನ ಸೆಲ್ಲುಗಳನ್ನು ಈಚೆಗಿನ ಯಂತ್ರದ ನೆರೆಯವರ ಪಟ್ಟಿಗೆ ಸೇರಿಸಿ, ಸರ್ಕಲ್ ದಾಟುವ ಹ್ಯಾಂಡೋವರಿಗೆ (ಕಾಲನ್ನು ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ದಾಟಿಸುವುದಕ್ಕೆ) ಎರಡೂ ಕಡೆ ಒಪ್ಪಿಗೆ ಬರೆದಿರಬೇಕು. ಗಡಿನಾಡಿನ ಯಂತ್ರಕ್ಕೆ ಇದು ಕೊನೆಗೆ ನೆನಪಾಗುವ ಕೆಲಸ ಆಗಬಾರದು, ಮೊದಲ ದಿನವೇ ಆಗಬೇಕು ಎಂದು ನನ್ನ ಅಭಿಪ್ರಾಯ. ಇಲ್ಲಿನ ಮಕ್ಕಳು ಕಾಲೇಜಿಗೆ, ರೋಗಿಗಳು ಆಸ್ಪತ್ರೆಗೆ ದಿನವೂ ಮಂಗಳೂರಿಗೆ ಹೋಗಿ ಬರುವವರು.

ಫೈಲಿನಲ್ಲಿ ಇನ್ನೊಂದು ಸಂಖ್ಯೆ ಪಿಸಿಐ, ಫೋನು ಒಂದು ಸೆಲ್ಲನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುವುದು ಇದರಿಂದ. 4ಜಿಯಲ್ಲಿ 0ರಿಂದ 503ರವರೆಗೆ 504 ಸಂಖ್ಯೆಗಳಷ್ಟೇ ಇವೆ, ಇಡೀ ದೇಶ ಅದನ್ನೇ ತಿರುಗಿಸಿ ಬಳಸಬೇಕು. ಹತ್ತಿರದ ಎರಡು ಸೆಲ್ಲಿಗೆ ಒಂದೇ ಸಂಖ್ಯೆ ಬಿದ್ದರೆ ಫೋನಿಗೆ ಗೊಂದಲ. ಟಿಎಸಿ ಎಂಬುದು ಪ್ರದೇಶದ ಸಂಖ್ಯೆ, ನಿಮಗೆ ಕಾಲ್ ಬಂದಾಗ ನಿಮ್ಮನ್ನು ಎಲ್ಲಿ ಹುಡುಕಬೇಕು ಎಂದು ಕೋರ್ ನೆಟ್‌ವರ್ಕಿಗೆ ಗೊತ್ತಾಗುವುದು ಇದರಿಂದ. ಇದು ಕೋರ್‌ನಲ್ಲಿರುವುದಕ್ಕೆ ಹೊಂದದಿದ್ದರೆ, ಕಡ್ಡಿ ಪೂರ್ತಿ ಇರುತ್ತದೆ, ಕಾಲ್ ಮಾತ್ರ ಆಗುವುದಿಲ್ಲ.

ಈಗ ಸಮಯದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2300 ಮೆಗಾಹರ್ಟ್ಸ್‌ನ 4ಜಿ, 3.5 ಗಿಗಾಹರ್ಟ್ಸ್ ಆಸುಪಾಸಿನ 5ಜಿ, ಇವು ಟಿಡಿಡಿ ಪದ್ಧತಿಯವು. ಅಂದರೆ ಒಂದೇ ತರಂಗಾಂತರದಲ್ಲಿ ಟವರ್ ಸ್ವಲ್ಪ ಹೊತ್ತು ಮಾತಾಡುತ್ತದೆ, ಸ್ವಲ್ಪ ಹೊತ್ತು ಫೋನುಗಳ ಮಾತು ಕೇಳುತ್ತದೆ. ಸುತ್ತಲಿನ ಎಲ್ಲ ಟವರುಗಳೂ ಒಟ್ಟಿಗೆ ಮಾತಾಡಬೇಕು, ಒಟ್ಟಿಗೆ ಕೇಳಬೇಕು. ಒಂದು ಟವರಿನ ಗಡಿಯಾರ ತಪ್ಪಿದರೆ, ಉಳಿದವು ಕೇಳುತ್ತಿರುವಾಗ ಅದು ಕಿರುಚುತ್ತದೆ. ದೂರದ ತೋಟದಲ್ಲಿರುವ ಫೋನಿನ ಸಣ್ಣ ದನಿ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅದಕ್ಕೇ ಪ್ರತಿ ಟವರೂ ನಿಜ ಸಮಯದಿಂದ 1.5 ಮೈಕ್ರೋಸೆಕೆಂಡಿನ ಒಳಗೆ ಇರಬೇಕು. ಅಷ್ಟು ಹೊತ್ತಿನಲ್ಲಿ ಬೆಳಕು ಹೋಗುವುದು ಕೇವಲ 450 ಮೀಟರ್. ಈ ನಿಖರತೆ ಸಾಮಾನ್ಯವಾಗಿ ಜಿಪಿಎಸ್ ಉಪಗ್ರಹಗಳಿಂದ ಬರುತ್ತದೆ. ಪೆಟ್ಟಿಗೆಯ ಬಳಿ ಅಣಬೆಯಂತೆ ಕಾಣುವ ಸಣ್ಣ ಬಿಳಿ ಆಂಟೆನಾ ಅದರದ್ದೇ. ಅದಕ್ಕೆ ತೆರೆದ ಆಕಾಶ ಬೇಕು. ನಮ್ಮಲ್ಲಿ ಹಲಸು, ಮಾವು, ಗೇರು ಬೆಳೆದು ಮೇಲೆ ಮುಚ್ಚಿಕೊಂಡರೆ ಉಪಗ್ರಹ ಸಿಗುವುದು ಕಡಿಮೆಯಾಗುತ್ತದೆ. ಟರ್ಮಿನಲ್ಲಿನಲ್ಲಿ ಎಷ್ಟು ಉಪಗ್ರಹ ಸಿಕ್ಕಿವೆ ಎಂದು ಕಾಣುತ್ತದೆ. ಜಾಗವನ್ನೂ ಸಮಯವನ್ನೂ ಸೇರಿಸಿ ಲೆಕ್ಕ ಹಾಕಲು ಕನಿಷ್ಠ 4 ಬೇಕು. ಜಿಪಿಎಸ್ ಲಾಕ್ ಆಗದೆ ಟಿಡಿಡಿ ಸೆಲ್ಲನ್ನು ಚಾಲೂ ಮಾಡಬಾರದು.

ಇನ್ನು ಕೇಬಲ್. ಪರದೆಯ ಮೇಲೆ ವಿಎಸ್‌ಡಬ್ಲ್ಯುಆರ್ ಎಂಬ ಅಳತೆ ಬರುತ್ತದೆ. ಆಂಟೆನಾಕ್ಕೆ ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂದಕ್ಕೆ ಬರುತ್ತಿದೆ ಎಂಬುದರ ಸೂಚನೆ ಅದು. 1 ಇದ್ದರೆ ಏನೂ ವಾಪಸ್ಸಿಲ್ಲ. 1.5 ಇದ್ದರೆ ಸುಮಾರು 4 ಶೇಕಡಾ ವಾಪಸ್. ಅದಕ್ಕಿಂತ ಮೇಲೆ ಹೋದರೆ ಜಂಪರಿನ ಕನೆಕ್ಟರ್ ಬಿಚ್ಚಿ ನೋಡಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ಇದು. ಕನೆಕ್ಟರಿಗೆ ರಬ್ಬರ್ ಟೇಪನ್ನು ಸರಿಯಾಗಿ ಸುತ್ತದೆ ಬಿಟ್ಟರೆ ಆಟಿಯ ಹೊತ್ತಿಗೆ ನೀರು ಇಳಿದು ಈ ಅಂಕಿ ಏರುತ್ತದೆ. ಬೇಸಿಗೆಯಲ್ಲಿ ಕಮಿಷನ್ ಆದ ಟವರ್ ಮಳೆಗಾಲದಲ್ಲಿ ಕೈಕೊಡಲು ಇದೂ ಒಂದು ಕಾರಣ.

ಟರ್ಮಿನಲ್ಲಿಗೆ ಕಾಣದ ಒಂದು ತಪ್ಪೂ ಇದೆ. ಮೊದಲ ಸೆಕ್ಟರಿನ ಕೇಬಲ್ ಎರಡನೆಯದರ ಆಂಟೆನಾಕ್ಕೆ ಹೋಗಿರುತ್ತದೆ. ಇದಕ್ಕೆ ಸೆಕ್ಟರ್ ಸ್ವಾಪ್ ಎನ್ನುತ್ತಾರೆ. ಅಡಿಕೆ ತೋಟದಲ್ಲಿ ಮೇಲಿನ ಸಾಲಿನ ಗೇಟ್‌ವಾಲ್ವ್ ತಿರುಗಿಸಿದಾಗ ಕೆಳಗಿನ ಸಾಲಿನ ಸ್ಪ್ರಿಂಕ್ಲರ್ ಹಾರಿದ ಹಾಗೆ. ನೀರು ಬರುತ್ತಿದೆ, ಒತ್ತಡ ಸರಿ ಇದೆ, ಪಂಪಿನ ಬಳಿ ನಿಂತವನಿಗೆ ಏನೂ ತಪ್ಪು ಕಾಣುವುದಿಲ್ಲ. ಟವರಿನಲ್ಲೂ ಅಲಾರ್ಮ್ ಬರುವುದಿಲ್ಲ, ಅಂಕಿಗಳೆಲ್ಲ ಚೆನ್ನಾಗಿಯೇ ಇರುತ್ತವೆ. ನೆರೆಯವರ ಪಟ್ಟಿ ಮಾತ್ರ ಉಲ್ಟಾ ಆಗಿ, ಬೈಕಿನಲ್ಲಿ ಹೋಗುತ್ತಾ ಮಾತಾಡುವವರ ಕಾಲ್ ಕಟ್ಟಾಗುತ್ತಿರುತ್ತದೆ. ಇದನ್ನು ಹಿಡಿಯಲು ಟೆಸ್ಟ್ ಫೋನ್ ಹಿಡಿದು ಟವರಿನ ಸುತ್ತ ನಡೆಯಬೇಕು. ಪ್ರತಿ ಆಂಟೆನಾದ ಎದುರು ನಿಂತು, ಫೋನಿನ ಪರದೆಯಲ್ಲಿ ಕಾಣುವ ಪಿಸಿಐ ಆ ದಿಕ್ಕಿನದ್ದೇ ಹೌದಾ ಎಂದು ನೋಡಬೇಕು. ಪ್ರತಿ ಸೆಲ್ಲಿನಲ್ಲೂ ಕಾಲ್, ಡೇಟಾ ವೇಗ, ಹ್ಯಾಂಡೋವರ್ ಪರೀಕ್ಷಿಸುವ ಈ ಹಂತಕ್ಕೆ ಎಸ್‌ಸಿಎಫ್‌ಟಿ, ಅಂದರೆ ಸಿಂಗಲ್ ಸೆಲ್ ಫಂಕ್ಷನ್ ಟೆಸ್ಟ್, ಎನ್ನುತ್ತಾರೆ. ಗುಡ್ಡೆಯ ಮೇಲೆ ಟವರ್, ಮನೆಗಳೆಲ್ಲ ಕೆಳಗೆ ಬಯಲಿನಲ್ಲಿ ಇರುವ ನಮ್ಮ ಊರುಗಳಲ್ಲಿ ಆಂಟೆನಾ ಎಷ್ಟು ಬಾಗಿದೆ ಎಂಬುದನ್ನೂ ಈ ಹೊತ್ತಿಗೇ ನೋಡಬೇಕು. ಬಾಗದಿದ್ದರೆ ಸಿಗ್ನಲ್ ಮನೆಗಳ ತಲೆಯ ಮೇಲಿಂದ ಹಾದು ಎದುರು ಗುಡ್ಡೆಗೆ ಬಡಿಯುತ್ತದೆ.

ಈ ಪರೀಕ್ಷೆ ನಡೆಯುವಾಗ ಸೆಲ್ಲನ್ನು ಸಾಮಾನ್ಯವಾಗಿ ಸಾರ್ವಜನಿಕರಿಗೆ ಮುಚ್ಚಿಟ್ಟಿರುತ್ತಾರೆ. 'ಬಾರ್' ಮಾಡುವುದು ಎಂದು ಹೇಳುವುದುಂಟು. ಕಂಪನಿಯವರಿಗೆ ಮೀಸಲಾದ 11 ಅಥವಾ 15ನೇ ಆಕ್ಸೆಸ್ ಕ್ಲಾಸಿನ ಸಿಮ್ ಇದ್ದರೆ ಮೀಸಲಿಟ್ಟ ಸೆಲ್ಲಿನೊಳಗೆ ಹೋಗಬಹುದು. ಟವರಿನವರು ಬುಡದಲ್ಲಿ ನಿಂತು ಮಾತಾಡುತ್ತಿದ್ದಾರೆ, ನನಗೆ ಮಾತ್ರ ರೇಂಜ್ ಇಲ್ಲ, ಎಂಬ ಸಂಶಯಕ್ಕೆ ಇದೇ ಉತ್ತರ.

ಹೊಸ ಯಂತ್ರಗಳಲ್ಲಿ ಲ್ಯಾಪ್‌ಟಾಪಿನ ಕೆಲಸ ಕಡಿಮೆಯಾಗುತ್ತಿದೆ. ಪವರ್ ಕೊಟ್ಟು ಫೈಬರ್ ಚುಚ್ಚಿದರೆ ಯಂತ್ರ ತಾನೇ ವಿಳಾಸ ಪಡೆದು, ಕಂಪನಿಯ ಕೇಂದ್ರದಿಂದ ಫೈಲ್ ಇಳಿಸಿಕೊಳ್ಳುತ್ತದೆ. ಇದು ಪ್ಲಗ್ ಆಂಡ್ ಪ್ಲೇ. ನೆರೆಯ ಸೆಲ್ಲುಗಳನ್ನು ಫೋನುಗಳ ವರದಿಯಿಂದ ತಾನೇ ಕಲಿಯುವ ವ್ಯವಸ್ಥೆಯೂ 4ಜಿಯ ಮೊದಲ ಆವೃತ್ತಿಯಿಂದಲೇ ಇದೆ. ಆದರೆ ಇದಕ್ಕೆಲ್ಲ ಕೇಂದ್ರದವರೆಗೆ ದಾರಿ ಇರಬೇಕು, ಅಲ್ವಾ? ಮೈಕ್ರೋವೇವ್ ಕೊಂಡಿ ಇನ್ನೂ ಸರಿಯಾಗದ, ಫೈಬರ್ ತಲುಪದ ಗುಡ್ಡೆಯಲ್ಲಿ ಈಗಲೂ ಲ್ಯಾನ್ ಕೇಬಲ್ ಹಿಡಿದು ಹೋಗಲೇಬೇಕು.

ಹಾಗಾಗಿ ಊರಿನ ಟವರ್ ಸುಮ್ಮನೆ ನಿಂತಿದ್ದರೆ, ಪಂಚಾಯತಿನಲ್ಲೋ ಕಂಪನಿಯ ಬಳಿಯೋ 'ಯಾವಾಗ ಶುರು' ಎಂದು ಕೇಳುವುದರ ಬದಲು ಬಿಡಿಸಿ ಕೇಳಿ. ಕರೆಂಟ್ ಕನೆಕ್ಷನ್ ಆಗಿದೆಯಾ? ಬ್ಯಾಕ್‌ಹಾಲ್, ಅಂದರೆ ಟವರಿನಿಂದ ಕೇಂದ್ರಕ್ಕೆ ಹೋಗುವ ಫೈಬರ್ ಅಥವಾ ಮೈಕ್ರೋವೇವ್, ಬಂದಿದೆಯಾ? ಕಮಿಷನಿಂಗ್‌ನಲ್ಲಿ ಬರೆಯುವ ಕೆಲಸ ಆಗಿ ಇಂಟಿಗ್ರೇಷನ್, ಅಂದರೆ ನೆಟ್‌ವರ್ಕಿಗೆ ಸೇರಿಸುವುದು, ಬಾಕಿಯಾ, ಅಥವಾ ಎಸ್‌ಸಿಎಫ್‌ಟಿ ಬಾಕಿಯಾ? ಪ್ರತಿಯೊಂದರ ಹೊಣೆ ಬೇರೆ ಬೇರೆ ತಂಡದ್ದು. ಹೆಸರಿಟ್ಟು ಕೇಳಿದ ಪ್ರಶ್ನೆಯನ್ನು ಜಾರಿಸುವುದು ಕಷ್ಟ.

ಎಲ್ಲ ಮುಗಿದು ಸೆಲ್ಲನ್ನು ಜನರಿಗೆ ತೆರೆದರೆ 'ಆನ್ ಏರ್' ಎನ್ನುತ್ತಾರೆ. ಬಾಗಿಲು ತೆರೆದಿದೆ, ಕರೆಂಟ್ ಹೋಗಿದೆ, ಬ್ಯಾಟರಿ ಇಳಿದಿದೆ ಎಂಬ ಅಲಾರ್ಮ್‌ಗಳು ಆಮೇಲೆ ನೇರ ಕೇಂದ್ರಕ್ಕೆ ಹೋಗುತ್ತವೆ. ವಿಕಿರಣ ಮಿತಿಯೊಳಗಿದೆ ಎಂಬ ಸ್ವಯಂ ಪ್ರಮಾಣಪತ್ರವನ್ನೂ ಕಂಪನಿ ಟೆಲಿಕಾಂ ಇಲಾಖೆಗೆ ಕೊಡಬೇಕು. ಭಾರತ 2012ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನು ಪಾಲಿಸುತ್ತಾ ಬಂತು, 900 ಮೆಗಾಹರ್ಟ್ಸ್‌ಗೆ ಅದು ಚದರ ಮೀಟರಿಗೆ 0.45 ವ್ಯಾಟ್. ಮನೆ ಹತ್ತಿರ ಟವರ್ ಬಂತು ಎಂದು ಹೆದರಿದವರು ತರಂಗ್ ಸಂಚಾರ್ ಪೋರ್ಟಲಿನಲ್ಲಿ ತಮ್ಮ ಜಾಗ ಹುಡುಕಿ ನೋಡಬಹುದು. ಕಾಸರಗೋಡಿನ ಟವರುಗಳು ಇಲಾಖೆಯ ಕೇರಳ ಘಟಕದ ಕೆಳಗೆ ಬರುತ್ತವೆ, ದೂರು ಕೊಡುವುದಿದ್ದರೂ ಅಲ್ಲಿಗೇ ಕೊಡಬೇಕು.