ಸ್ವಾತಿ ನಕ್ಷತ್ರ: ಸೂರ್ಯನಿಗಿಂತ ತಂಪು, ಆದರೂ ಹೆಚ್ಚು ಪ್ರಖರ

ಇರುಳಿನ ಆಕಾಶದಲ್ಲಿ ಕಾಣುವ ನಕ್ಷತ್ರಗಳ ಪೈಕಿ ಪ್ರಕಾಶದಲ್ಲಿ ನಾಲ್ಕನೆಯ ಸ್ಥಾನದಲ್ಲಿರುವ ಸ್ವಾತಿ, ಅಂದರೆ ಆರ್ಕ್ಟುರಸ್, ಸುಮಾರು 36.7 ಜ್ಯೋತಿರ್ವರ್ಷ ದೂರದಲ್ಲಿರುವ ಕಿತ್ತಳೆ ದೈತ್ಯ. ಏಪ್ರಿಲ್–ಮೇ ತಿಂಗಳ ಸಂಜೆ ಸಪ್ತರ್ಷಿ ಮಂಡಲದ ಬಾಲದ ಬಾಗನ್ನೇ ಹಿಡಿದು ಮುಂದೆ ಸಾಗಿದರೆ ಅದು ಸಿಗುತ್ತದೆ.

ಇದರ ಮೇಲ್ಮೈ ತಾಪ ಸುಮಾರು 4,300 ಕೆಲ್ವಿನ್, ಸೂರ್ಯನದು 5,770. ತಾಪ ಕಡಿಮೆಯಿದ್ದರೂ ದೀಪ್ತಿ, ಅಂದರೆ ಸೆಕೆಂಡಿಗೆ ಸೂಸುವ ಬೆಳಕಿನ ಶಕ್ತಿ, ಹೆಚ್ಚಿರುವುದು ಹೇಗೆಂಬುದೇ ಇಲ್ಲಿನ ತೊಡಕು. ಸ್ಟೀಫನ್–ಬೋಲ್ಟ್ಸ್‌ಮನ್ ನಿಯಮದಂತೆ ದೀಪ್ತಿಯು ತ್ರಿಜ್ಯದ ವರ್ಗಕ್ಕೂ ತಾಪದ ನಾಲ್ಕನೇ ಘಾತಕ್ಕೂ ಅನುಪಾತದಲ್ಲಿರುತ್ತದೆ. ಸ್ಥಿರಾಂಕಗಳನ್ನೆಲ್ಲ ಹಾಕಿ ವಾಟ್‌ಗಳಲ್ಲಿ ಲೆಕ್ಕ ಮಾಡಹೊರಟರೆ ಸೊನ್ನೆಗಳಲ್ಲೇ ದಾರಿ ತಪ್ಪುತ್ತದೆ; ಸೂರ್ಯನೊಂದಿಗಿನ ಅನುಪಾತವನ್ನಷ್ಟೇ ತೆಗೆದುಕೊಂಡರೆ ಸ್ಥಿರಾಂಕಗಳೆಲ್ಲ ಹೊಡೆದುಹೋಗುತ್ತವೆ. 4,300ನ್ನು 5,770ರಿಂದ ಭಾಗಿಸಿದರೆ 0.745, ಅದರ ವರ್ಗ 0.555; ಅದನ್ನು ಮತ್ತೊಮ್ಮೆ ವರ್ಗ ಮಾಡಿದರೆ 0.308. ಅಂದರೆ ಸ್ವಾತಿಯ ಮೇಲ್ಮೈಯ ಒಂದು ಚದರ ಮೀಟರ್, ಸೂರ್ಯನ ಅಷ್ಟೇ ಜಾಗ ಸೂಸುವ ಶಕ್ತಿಯಲ್ಲಿ ಮೂರನೇ ಒಂದು ಪಾಲನ್ನೂ ಸೂಸುವುದಿಲ್ಲ. ಆದರೆ ತ್ರಿಜ್ಯ ಸೂರ್ಯನ ಸುಮಾರು 25 ಪಟ್ಟು ಇರುವುದರಿಂದ ಮೇಲ್ಮೈ ವಿಸ್ತೀರ್ಣ 625 ಪಟ್ಟಾಗುತ್ತದೆ. 625ನ್ನು 0.308ರಿಂದ ಗುಣಿಸಿದರೆ ಸುಮಾರು 190. ತ್ರಿಜ್ಯವನ್ನು ಘನ ಮಾಡುವ ಆಸೆ ಇಲ್ಲಿ ಸಹಜವಾಗಿ ಹುಟ್ಟುತ್ತದೆ. ಬೆಳಕು ಹೊರಡುವುದು ಮೇಲ್ಮೈಯಿಂದಲೇ ಹೊರತು ಇಡೀ ಗಾತ್ರದಿಂದಲ್ಲ ಎಂಬುದನ್ನು ನೆನಪಿಟ್ಟರೆ ಸಾಕು.

ಪುಸ್ತಕದಿಂದ ಪುಸ್ತಕಕ್ಕೆ ಈ ಸಂಖ್ಯೆ ಬದಲಾಗುವುದಕ್ಕೂ ಕಾರಣವಿದೆ. ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಪರಿಗಣಿಸಿದರೆ ಸ್ವಾತಿ ಸೂರ್ಯನ ಸುಮಾರು 110 ಪಟ್ಟು ಮಾತ್ರ. ತಂಪಾದ ನಕ್ಷತ್ರ ತನ್ನ ಶಕ್ತಿಯ ದೊಡ್ಡ ಪಾಲನ್ನು ಅವಕೆಂಪು ಕಿರಣಗಳಾಗಿ ಸೂಸುವುದರಿಂದ, ಎಲ್ಲ ತರಂಗಾಂತರಗಳನ್ನು ಸೇರಿಸಿದಾಗ ಲೆಕ್ಕ 170ನ್ನು ದಾಟುತ್ತದೆ. ಪರೀಕ್ಷೆಯ ಪ್ರಶ್ನೆಯಲ್ಲಿ ಯಾವ ದೀಪ್ತಿಯನ್ನು ಕೇಳಲಾಗಿದೆಯೆಂದು ಮೊದಲು ನೋಡಬೇಕು.

ದ್ರವ್ಯರಾಶಿ ಮಾತ್ರ ಸೂರ್ಯನದಕ್ಕಿಂತ ತುಸುವೇ ಹೆಚ್ಚು. ತಿರುಳಿನ ಜಲಜನಕ ಮುಗಿದು, ಹೀಲಿಯಂ ತಿರುಳಿನ ಸುತ್ತಲಿನ ಪದರದಲ್ಲಿ ಜಲಜನಕದ ಪರಮಾಣು ಬೀಜಗಳ ಬೆಸುಗೆ ನಡೆಯತೊಡಗಿದಾಗ ಹೊರಕವಚ ಉಬ್ಬಿ ತಣಿಯುತ್ತದೆ. ಅಷ್ಟೇ ದ್ರವ್ಯ ಅಷ್ಟು ದೊಡ್ಡ ಗೋಳದಲ್ಲಿ ಹರಡಿರುವುದರಿಂದ ಹೊರಪದರದ ಒತ್ತಡ ತೀರ ಕಡಿಮೆ. ರೋಹಿತದ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನ, ಗೆರೆಗಳು ತೆಳುವಾಗಿ ಕಾಣುವುದಕ್ಕೂ ರೋಹಿತ ವರ್ಗದ ಮುಂದೆ ದೈತ್ಯವೆಂದು ಸೂಚಿಸುವ ರೋಮನ್ ಮೂರು ಬರುವುದಕ್ಕೂ ಇದೇ ಮೂಲ.

ಸ್ವಾತಿ ಆಕಾಶದಲ್ಲಿ ವರ್ಷಕ್ಕೆ ಸುಮಾರು 2.3 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಸರಿಯುತ್ತದೆ. ಪ್ರಾಚೀನ ಗ್ರೀಕರು ಗುರುತಿಸಿದ್ದ ಸ್ಥಾನದಿಂದ ಅದು ಅರ್ಧ ಡಿಗ್ರಿಗೂ ಹೆಚ್ಚು ಜರುಗಿರುವುದನ್ನು 1718ರಲ್ಲಿ ಎಡ್ಮಂಡ್ ಹ್ಯಾಲಿ ತೋರಿಸಿದರು. 1933ರ ಷಿಕಾಗೊ ವಿಶ್ವಮೇಳದ ದೀಪಗಳನ್ನು ಹೊತ್ತಿಸಿದ್ದೂ ಇದರ ಬೆಳಕೇ: ಹಿಂದಿನ ಮೇಳ ನಡೆದ 1893ರಲ್ಲಿ ಹೊರಟ ಕಿರಣವೆಂದು ಆಗ ನಂಬಲಾಗಿತ್ತು; ಇಂದಿನ ದೂರದ ಪ್ರಕಾರ ಅದು ಹೊರಟದ್ದು 1896ರ ಸುಮಾರಿಗೆ.