ಒಳಗೆ ಹೋದರೆ ಹೊರಗೆ ಬಿಡ್ತಾರಾ?

ಪ್ರಶ್ನೆ: ನಾನು ಉಡುಪಿ ಕಡೆಯವಳು, ವಯಸ್ಸು 31. ಒಂದೂವರೆ ತಿಂಗಳಿಂದ ನಿದ್ದೆ ಸರಿಯಿಲ್ಲ, ಊಟ ಸೇರುವುದಿಲ್ಲ. ‘ಬದುಕಿ ಎಂತ ಮಾಡ್ಲಿಕ್ಕುಂಟು’ ಅನಿಸುತ್ತದೆ ಅಂತ ಡಾಕ್ಟರ ಹತ್ತಿರ ಹೇಳಿಬಿಟ್ಟೆ. ಹತ್ತು ದಿನ ಅಡ್ಮಿಟ್ ಆಗಿ ಅಂದಿದ್ದಾರೆ. ನನಗೆ ಕಾಯಿಲೆಗಿಂತ ಆ ವಾರ್ಡಿನದೇ ಹೆದರಿಕೆ. ಒಳಗೆ ಹೋದ ಮೇಲೆ ಹೊರಗೆ ಬಿಡ್ತಾರಾ? ಶಾಕ್ ಕೊಡ್ತಾರಾ? ಮುಂದಿನ ತಿಂಗಳು ಮನೆಯಲ್ಲಿ ತಂಬಿಲ (ಭೂತಕ್ಕೆ ಕೊಡುವ ಪೂಜೆ) ಉಂಟು. ಅದು ಮುಗಿಸಿ ಹೋದರೆ ಆಗದಾ?

ಉತ್ತರ: ನಾನು ಡಾಕ್ಟರಲ್ಲ. ಆರು ವರ್ಷದ ಹಿಂದೆ ಮಂಗಳೂರಿನ ಒಂದು ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ 13 ದಿನ ಇದ್ದು ಬಂದವಳು. ಅಡ್ಮಿಟ್ ಆಗುವ ಹಿಂದಿನ ರಾತ್ರಿ ನಾನು ಮೊಬೈಲಿನಲ್ಲಿ ಹುಡುಕಿದ್ದು ಮದ್ದಿನ ಹೆಸರನ್ನಲ್ಲ. ವಾರ್ಡಿಗೆ ಬೀಗ ಹಾಕ್ತಾರಾ ಅಂತ. ಹಾಗಾಗಿ ಬಾಗಿಲಿನ ವಿಷಯದಿಂದಲೇ ಶುರು ಮಾಡುತ್ತೇನೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ದೊಡ್ಡವರು ಆಸ್ಪತ್ರೆಗೆ ಸೇರಲು ಮುಖ್ಯವಾಗಿ ಎರಡು ದಾರಿ. ಒಂದು, ನೀವೇ ಒಪ್ಪಿ, ನೀವೇ ಕೇಳಿಕೊಂಡು ಸೇರುವುದು. ಇದಕ್ಕೆ ಗಂಡನ ಸಹಿ ಬೇಡ, ಅಪ್ಪನ ಸಹಿ ಬೇಡ. ಹಾಗೆ ಸೇರಿದವರಿಗೆ ಅವರ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಕೊಡುವಂತಿಲ್ಲ. ‘ನಾನಿನ್ನು ಮನೆಗೆ ಹೋಗ್ತೇನೆ’ ಅಂದರೆ ಕಳುಹಿಸಿಕೊಡಬೇಕು.

ಇದಕ್ಕೊಂದು ಕಂಡಿಷನ್ ಉಂಟು, ಮುಚ್ಚಿಡುವುದಿಲ್ಲ. ನೀವು ಹೊರಟು ನಿಂತಾಗ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಹಾಗೆ ಕಂಡರೆ, ಪರೀಕ್ಷೆ ಮಾಡಲು 24 ಗಂಟೆ ತಡೆಯಬಹುದು. ಅಷ್ಟರಲ್ಲಿ ಒಂದೋ ಬಿಡಬೇಕು, ಇಲ್ಲದಿದ್ದರೆ ಎರಡನೇ ದಾರಿಗೆ ಬದಲಾಯಿಸಬೇಕು. ಎರಡನೇ ದಾರಿ, ಕಾಯಿಲೆ ಜೋರಾಗಿ ಸ್ವಂತ ತೀರ್ಮಾನ ಮಾಡಲು ಆಗದವರಿಗೆ. ಅಲ್ಲಿ ಅರ್ಜಿ ಕೊಡುವುದು ಅವರ ಪ್ರತಿನಿಧಿ, ಅಂದರೆ ಅವರ ಪರವಾಗಿ ನಿಲ್ಲುವವರು. ಒಬ್ಬ ಮನೋವೈದ್ಯರು, ಇನ್ನೊಬ್ಬ ವೈದ್ಯರು ಅಥವಾ ತಜ್ಞರು ಬೇರೆ ಬೇರೆಯಾಗಿ ನೋಡಿ ಹೌದು ಅನ್ನಬೇಕು. ಮೊದಲ ಸಲಕ್ಕೆ 30 ದಿನ ದಾಟುವಂತಿಲ್ಲ. ಹೆಂಗಸರಾದರೆ 3 ದಿನದೊಳಗೆ ರೋಗಿಗಳ ಹಕ್ಕು ಕಾಯುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಆ ಮಂಡಳಿಗೆ ರೋಗಿಯೇ ದೂರು ಕೊಡಬಹುದು.

ಈಗ ಲೆಕ್ಕ ನೀವೇ ಹಾಕಿ. ಇವತ್ತು ನಡೆದುಕೊಂಡು ಹೋದರೆ ಸಹಿ ನಿಮ್ಮದು. ಹೆದರಿ ಹೆದರಿ ದಿನ ತಳ್ಳಿ ಕೈಮೀರಿದರೆ ಸಹಿ ಬೇರೆಯವರದ್ದು. ಬೀಗದ ಹೆದರಿಕೆ ಇರುವವರೇ ಬೇಗ ಹೋಗಬೇಕು ಅಂತ ನಾನು ಹೇಳುವುದು ಅದಕ್ಕೇ.

ಪ್ರತಿನಿಧಿ ಯಾರಾಗಬೇಕು ಅಂತಲೂ ಮೊದಲೇ ನೀವೇ ಒಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿಡಬಹುದು. ನಾನು ಅಕ್ಕನ ಹೆಸರು ಬರೆದೆ. ಅಮ್ಮನಿಗೆ ಸ್ವಲ್ಪ ಬೇಸರ ಆಯಿತು. ಇರಲಿ.

ನಿಮ್ಮ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಅಜ್ಜಿಯ ಕಾಲದಲ್ಲಿ ಯಾರನ್ನೋ ‘ಬೆಂಗಳೂರಿಗೆ ಬಿಟ್ಟು ಬಂದ’ ಕಥೆ ನಮ್ಮ ಊರಲ್ಲೂ ಇತ್ತು. ಬಿಟ್ಟು ಬಂದದ್ದು ಎಲ್ಲರಿಗೂ ನೆನಪು, ಕರೆದುಕೊಂಡು ಬಂದದ್ದು ಯಾರೂ ಹೇಳುತ್ತಿರಲಿಲ್ಲ. ಆ ಹಳೇ ಮಾನಸಿಕ ಆಸ್ಪತ್ರೆ 1974ರಲ್ಲೇ ನಿಮ್ಹಾನ್ಸ್‌ನೊಳಗೆ ಸೇರಿಹೋಯಿತು. ಕಥೆ ಮಾತ್ರ ಹಾಗೇ ಉಳಿದಿದೆ. ಈಗ ಅಷ್ಟು ದೂರ ಹೋಗುವುದೂ ಬೇಡ. ವೆನ್ಲಾಕ್, ಕಂಕನಾಡಿಯ ಫಾದರ್ ಮುಲ್ಲರ್, ಮಣಿಪಾಲದ ಕೆಎಂಸಿ, ದೊಡ್ಡಣಗುಡ್ಡೆಯ ಬಾಳಿಗಾ, ಎಲ್ಲ ಕಡೆ ಮನೋರೋಗ ವಿಭಾಗ ಉಂಟು. ಮನೆಯಿಂದ ಗಂಜಿ ಬುತ್ತಿ ತಂದು ಕೊಡುವಷ್ಟು ಹತ್ತಿರ.

ಇನ್ನು ಶಾಕ್. ಎಲ್ಲರಿಗೂ ಕೊಡುವುದಿಲ್ಲ, ನನಗೆ ಕೊಟ್ಟಿಲ್ಲ. ನನ್ನ ಎದುರು ಬೆಡ್ಡಿನ ಟೀಚರಮ್ಮನಿಗೆ ಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗುತ್ತಿದ್ದರು, ಆಮೇಲೆ ವಾಪಸ್ ಬಂದು ಇಡ್ಲಿ ತಿನ್ನುತ್ತಿದ್ದರು. ಅನಸ್ತೇಶಿಯಾ ಮತ್ತು ಸ್ನಾಯು ಸಡಿಲಿಸುವ ಮದ್ದು ಇಲ್ಲದೆ ಕೊಡುವುದಕ್ಕೆ ಕಾಯ್ದೆಯಲ್ಲೇ ನಿಷೇಧ ಉಂಟು. ಸಿನಿಮಾದಲ್ಲಿ ಕೈಕಾಲು ಹಿಡಿದು ಕೊಡುತ್ತಾರಲ್ಲ, ಅದನ್ನು ಮರೆತುಬಿಡಿ. ಸ್ವಲ್ಪ ದಿನ ಮರೆವು ಬರಬಹುದು. ಟೀಚರಮ್ಮ ನನ್ನ ಹೆಸರು ದಿನಾ ಹೊಸದಾಗಿ ಕೇಳುತ್ತಿದ್ದರು. ಆದರೆ ಬಂದಾಗ ನೀರೂ ಮುಟ್ಟದೆ ಗೋಡೆ ನೋಡಿ ಮಲಗಿದ್ದವರು, ಎರಡು ವಾರದಲ್ಲಿ ‘ನನ್ನ ಊಟದಲ್ಲಿ ಉಪ್ಪಿನಕಾಯಿ ಇಲ್ಲ’ ಅಂತ ಸಿಸ್ಟರಿಗೆ ಜೋರು ಮಾಡುವಷ್ಟಾದರು.

ಕೋಳ ಹಾಕುವುದು, ತಲೆ ಬೋಳಿಸುವುದು, ಇವೂ ನಿಷೇಧ. ಬಟ್ಟೆ ನಿಮ್ಮದೇ ಹಾಕಿಕೊಳ್ಳುವ ಹಕ್ಕು ಉಂಟು. ಬೇರೆ ಯಾವ ಉಪಾಯವೂ ಇಲ್ಲದಾಗ, ಕೂಡಲೇ ಅಪಾಯ ಆಗುವಂತಿದ್ದರೆ, ಮನೋವೈದ್ಯರ ಅನುಮತಿ ಮೇಲೆ ಸ್ವಲ್ಪ ಹೊತ್ತು ಕಟ್ಟಬಹುದು. ಅದನ್ನು ಒಮ್ಮೆ ನೋಡಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಆ ಹುಡುಗಿಯೇ ಬಂದು ‘ಹೆದರಿದಿರಾ ಅಕ್ಕ?’ ಅಂತ ಕೇಳಿದಳು.

ಹೆಚ್ಚಿನ ಹೊತ್ತು ವಾರ್ಡಿನಲ್ಲಿ ಇರುವುದು ಹೆದರಿಕೆ ಅಲ್ಲ, ಬೇಜಾರು. ಬೆಳಿಗ್ಗೆ ಬೇಗ ಬಿಪಿ ನೋಡುತ್ತಾರೆ. ತಿಂಡಿ, ಮಾತ್ರೆ, ಆಮೇಲೆ ರೌಂಡ್ಸ್. ಮೆಡಿಕಲ್ ಕಾಲೇಜಿನ ಆಸ್ಪತ್ರೆ ಆದರೆ ಡಾಕ್ಟರ ಹಿಂದೆ ಒಂದು ಹಿಂಡು ಕಲಿಯುವ ಮಕ್ಕಳು. ನಿಮ್ಮ ಕಥೆಯನ್ನು ಮೊದಲಿಂದ ಹೇಳಿ ಅಂತ ಮೂರು ಮಂದಿ ಬೇರೆ ಬೇರೆ ಹೊತ್ತಿಗೆ ಬರುತ್ತಾರೆ. ಮೂರನೇ ಸಲಕ್ಕೆ ನಾನು ‘ಬರೆದು ಕೊಡ್ತೇನೆ, ಜೆರಾಕ್ಸ್ ಮಾಡಿಸಿ’ ಅಂದೆ. ಮಧ್ಯಾಹ್ನ ಕೇರಂ, ಇಲ್ಲವೇ ಟಿವಿ. ರಕ್ತ ತೆಗೆಯುತ್ತಾರೆ, ಯಾಕೆಂದರೆ ಥೈರಾಯ್ಡ್ ತೊಂದರೆಯಿಂದಲೂ ಹೀಗೇ ಆಗುವುದುಂಟು. ಖಿನ್ನತೆಯ ಮಾತ್ರೆ ಹಿಡಿಯಲು ಎರಡು ಮೂರು ವಾರವಾದರೂ ಬೇಕು. ಆ ಮಧ್ಯದ ದಿನಗಳು ಒಬ್ಬರೇ ಕಳೆಯಲು ಕಷ್ಟ. ನಿಮ್ಮಂಥವರನ್ನು ಅಡ್ಮಿಟ್ ಆಗಿ ಅನ್ನಲು ಅದೂ ಒಂದು ಕಾರಣ.

ಬ್ಲೇಡು, ಕತ್ತರಿ, ಗಾಜಿನ ಬಾಟಲಿ, ಚಾರ್ಜರ್ ವೈರ್, ಕೆಲವು ಕಡೆ ಚೂಡಿದಾರದ ಶಾಲನ್ನೂ ತೆಗೆದಿಡುತ್ತಾರೆ. ಕಳ್ಳರ ಹಾಗೆ ನೋಡಿದರು ಅಂತ ಆ ಹೊತ್ತಿಗೆ ಅನಿಸುತ್ತದೆ. ಎಲ್ಲರದ್ದೂ ತೆಗೆಯುತ್ತಾರೆ.

ಹೋಗುವ ಮೊದಲು ಒಪಿಡಿಯಲ್ಲೇ ಕೇಳಿಕೊಳ್ಳಿ: ವಾರ್ಡು ತೆರೆದದ್ದಾ, ಬೀಗದ್ದಾ? ಬೈಸ್ಟ್ಯಾಂಡರ್ (ರೋಗಿಯ ಜೊತೆಗಿರುವವರು) ರಾತ್ರಿ ನಿಲ್ಲಬಹುದಾ? ಫೋನ್ ಯಾವ ಹೊತ್ತಿಗೆ ಸಿಗುತ್ತದೆ? ದಿನಕ್ಕೆ ಎಷ್ಟಾಗುತ್ತದೆ? ಆಗುವುದಾದರೆ ವಾರ್ಡನ್ನು ಒಮ್ಮೆ ನೋಡಿ ಬನ್ನಿ. ನಾನು ನೋಡಿರಲಿಲ್ಲ, ಹಾಗಾಗಿ ತಲೆಯೊಳಗೆ ಒಂದು ಜೈಲನ್ನೇ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿ ಇದ್ದದ್ದು ಹಸಿರು ಪರದೆ, ಕಿರ್ ಅನ್ನುವ ಫ್ಯಾನು. ಖರ್ಚಿನ ಬಗ್ಗೆ ಒಂದೇ ಮಾತು. ಆರೋಗ್ಯ ವಿಮೆ ಇದ್ದರೆ ಮೈಯ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ಕವರ್ ಕೊಡಬೇಕು ಅಂತ ಇದೇ ಕಾಯ್ದೆ ಹೇಳುತ್ತದೆ.

ಎಲ್ಲ ಚೆಂದ ಇತ್ತು ಅಂತಲ್ಲ. ಒಮ್ಮೆ ಒಬ್ಬರು ಸಿಸ್ಟರ್ ನನ್ನ ಫೈಲನ್ನು ಕಾರಿಡಾರಿನಲ್ಲಿ ನಿಂತು ಗಟ್ಟಿಯಾಗಿ ಓದಿದರು. ಪಕ್ಕದಲ್ಲಿ ನಮ್ಮ ಬೀದಿಯವರೇ ಒಬ್ಬರು ನಿಂತಿದ್ದರು. ಅಕ್ಕ ಹೋಗಿ ಜಗಳ ಮಾಡಿದಳು. ಅವಳದ್ದೇ ಸರಿ. ರೋಗಿಯ ವಿಷಯ ಗುಟ್ಟಾಗಿಡುವುದು ಅವರ ಕೆಲಸ, ದೂರು ಕೊಡುವುದು ನಮ್ಮ ಹಕ್ಕು. ನೋಡಲು ಬಂದವರನ್ನು ಬೇಡ ಅನ್ನುವ ಹಕ್ಕೂ ಉಂಟು. ನಾನು ಅದನ್ನು ಧಾರಾಳವಾಗಿ ಬಳಸಿದೆ.

ಆ ಬೀದಿಯವರು ಹೇಳಬೇಕಾದವರಿಗೆಲ್ಲ ಹೇಳಿದರು. ‘ಅವಳಿಗೆ ಮಂಡೆ ಸಮ ಇಲ್ಲವಂತೆ’ ಅನ್ನುವುದು ಎರಡು ತಿಂಗಳು ಓಡಿತು. ಆಮೇಲೆ ಪಕ್ಕದ ಮನೆಯವರ ಜಾಗದ ತಕರಾರು ಶುರುವಾಯಿತು, ನನ್ನದು ಹಳೆಯದಾಯಿತು. ಅವರ ಪೈಕಿಯೇ ಇಬ್ಬರು ಆಮೇಲೆ ನನ್ನ ಹತ್ತಿರ ಮೆಲ್ಲಗೆ ಡಾಕ್ಟರ ಹೆಸರು ಕೇಳಿಕೊಂಡು ಹೋದರು.

ಬೆಡ್ ಸಿಗುವ ತನಕ ಒಬ್ಬರೇ ಮಲಗಬೇಡಿ. ಡಾಕ್ಟರಿಗೆ ಹೇಳಿದ್ದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಮಾತ್ರೆ ಡಬ್ಬ ಅವರ ಹತ್ತಿರ ಇರಲಿ. ರಾತ್ರಿ ಆ ಯೋಚನೆ ಜಾಸ್ತಿಯಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ತಡೆಯಲಾಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಹತ್ತಿರದ ಆಸ್ಪತ್ರೆಯ ಕ್ಯಾಜುವಾಲ್ಟಿಗೆ ಹೋಗಿ.

ಇನ್ನು ತಂಬಿಲ. ಡಾಕ್ಟರು ಈಗ ಅಂದರೆ ಈಗಲೇ. ತಂಬಿಲ ಮುಂದಿನ ತಿಂಗಳು ತಾನೇ? ಹತ್ತು ದಿನದ ಲೆಕ್ಕ ಸರಿಹೋದರೆ ಅಷ್ಟರೊಳಗೆ ಮನೆಯಲ್ಲಿರುತ್ತೀರಿ. ಇಲ್ಲದಿದ್ದರೆ ನಿಮ್ಮ ಪಾಲಿನ ಪ್ರಸಾದ ವಾರ್ಡಿಗೇ ಬರಲಿ. ಭೂತಕ್ಕೆ ಕೋಪ ಬರಲಿಕ್ಕಿಲ್ಲ. ದೊಡ್ಡಪ್ಪನಿಗೆ ಬಂದೀತು, ಅವರನ್ನು ಅಮ್ಮ ನೋಡಿಕೊಳ್ಳುತ್ತಾರೆ.